ಸಾಕು ಎನ್ನುವ ಜೀನ್

ಮಲಪ್ರಭೆಯ ದಡದ ಆಶ್ರಮಕ್ಕೆ ಮಲ್ಹಾರಿ ಬಂದದ್ದು ನೆಮ್ಮದಿ ಹುಡುಕಿಕೊಂಡು. ಅವನ ತಂದೆ ಮೂತ್ರಪಿಂಡದ ಗಡ್ಡೆಯಿಂದ ತೀರಿಕೊಂಡಿದ್ದರು. ಅದಕ್ಕೂ ಮುಂಚೆ ಅಜ್ಜ. ಅದೇ ದೋಷ ತನ್ನ ರಕ್ತದಲ್ಲೂ ಇದೆಯೆಂದು ಪರೀಕ್ಷೆಯಲ್ಲಿ ಗೊತ್ತಾದ ಮೇಲೆ ಅವನು ಆಸ್ಪತ್ರೆಯ ಕಡೆ ತಲೆ ಹಾಕಿರಲಿಲ್ಲ.

ಗುರು ವಿರಜಮ್ಮ ಹಿಂದೆ ಜೀವಶಾಸ್ತ್ರ ಕಲಿಸುತ್ತಿದ್ದವರು. ಅವರು ಅವನಿಗೆ ಧ್ಯಾನ ಕಲಿಸಿದರು. ಅವನು ಕಣ್ಣು ಮುಚ್ಚಿದಾಗಲೆಲ್ಲ ಕೈ ತಾನಾಗಿ ಪಕ್ಕೆಯನ್ನು ತಡಕುತ್ತಿತ್ತು.

"ಏನು ಹುಡುಕುತ್ತಿದ್ದೀಯ?" ಒಂದು ಬೆಳಿಗ್ಗೆ ಅವರು ಕೇಳಿಯೇಬಿಟ್ಟರು.

ಮಲ್ಹಾರಿ ಎಲ್ಲವನ್ನೂ ಹೇಳಿದ. "ಹಣೆಬರಹ ಅಮ್ಮಾ. ಬರೆದಾಗಿದೆ."

"ಬರೆದದ್ದೆಲ್ಲ ನಡೆಯುವುದಿಲ್ಲ. ಜೀವಕೋಶ ಯಾವುದರ ಪ್ರತಿ ತೆಗೆಯುತ್ತದೋ ಅದಷ್ಟೇ ನಡೆಯುತ್ತದೆ."

ಅವನಿಗೆ ಅರ್ಥವಾಗಲಿಲ್ಲ.

"ಉಸಿರು, ಅಂದರೆ ಆಮ್ಲಜನಕ, ಸಾಲದಾದಾಗ ಕೋಶ ಕೆಲವು ಜೀನ್‌ಗಳ ಪ್ರತಿ ತೆಗೆದು, ಹೊಸ ರಕ್ತನಾಳ ಬೇಕೆಂದು ಕೂಗುತ್ತದೆ. ಉಸಿರು ಸಿಕ್ಕ ಮೇಲೆ ಸಾಕು ಎಂದು ತಡೆಯುವ ಜೀನ್ ಒಂದಿದೆ. ಅದು ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ನಿನ್ನ ತಂದೆಯಿಂದ ಬಂದದ್ದು ಕೆಟ್ಟಿದೆ."

"ಅಂದರೆ ಮುಗಿಯಿತು."

"ತಾಯಿಯಿಂದ ಬಂದದ್ದು ದುಡಿಯುತ್ತಿದೆಯಲ್ಲ! ಯಾವುದೋ ಒಂದು ಕೋಶದಲ್ಲಿ ಅದೂ ಕೆಟ್ಟರೆ, ಆ ಕೋಶ ಉಸಿರಿದ್ದೂ ಉಸಿರುಗಟ್ಟಿದಂತೆ ಕೂಗುತ್ತಲೇ ಇರುತ್ತದೆ. ಗಡ್ಡೆ ಏಳುವುದು ಅಲ್ಲಿ."

"ಧ್ಯಾನದಿಂದ ಅದನ್ನು ಸುಮ್ಮನಾಗಿಸಬಹುದೇ?"

"ಧ್ಯಾನ ನಿನಗೆ. ಕೋಶ ಬಂದು ನನ್ನ ಮುಂದೆ ಕೂರುವುದಿಲ್ಲ."

ವಿರಜಮ್ಮ ಎದ್ದು ಅವನ ಚಾಪೆ ಸುತ್ತಿ ಗೋಡೆಗೆ ಒರಗಿಸಿದರು.

"ನನ್ನನ್ನು ಹೊರಗೆ ಹಾಕುತ್ತೀರಾ?"

"ಸ್ಕ್ಯಾನ್ ಮಾಡಿಸಲು ಕರೆದುಕೊಂಡು ಹೋಗುತ್ತೇನೆ. ನಡೆ."

ಆಶ್ರಮ ಬಿಟ್ಟು ಎಲ್ಲಿಗೂ ಹೋಗದ ಹೆಂಗಸು ಚಪ್ಪಲಿ ಮೆಟ್ಟಿ ಮುಂದೆ ನಡೆದೇಬಿಟ್ಟರು. ಮಲ್ಹಾರಿ ಹಿಂದೆ ಓಡಿದ.

ಎಡ ಮೂತ್ರಪಿಂಡದಲ್ಲಿ ಸಣ್ಣ ಗಡ್ಡೆಯಿತ್ತು. ವೈದ್ಯರು ಅದನ್ನಷ್ಟೇ ತೆಗೆದು ಮೂತ್ರಪಿಂಡ ಉಳಿಸಿದರು. ಪ್ರತಿ ವರ್ಷ ತಪ್ಪದೆ ಬರಬೇಕೆಂದರು. ಬರುತ್ತೇನೆ ಎಂದ ಮಲ್ಹಾರಿ.

ಗಾಯ ಮಾಗಿದ ಮೇಲೆ ಅವನು ಗುರುವಿನ ಕಾಲಿಗೆರಗಿದ.

"ನನ್ನ ತಂಗಿ ಚಂಪಾ ಇನ್ನೂ ಪರೀಕ್ಷೆಯನ್ನೇ ಮಾಡಿಸಿಲ್ಲ ಅಮ್ಮಾ. ನಾಳೆ ಊರಿಗೆ ಹೋಗಿ ಅವಳನ್ನು ಒಪ್ಪಿಸುತ್ತೇನೆ. ಆದರೆ ನನ್ನ ಭಯವೇ ಇನ್ನೂ ಹೋಗಿಲ್ಲ. ಅವಳಿಗೇನು ಧೈರ್ಯ ಹೇಳಲಿ?"

ವಿರಜಮ್ಮ ಅವನನ್ನು ಎಬ್ಬಿಸಿ ನಿಲ್ಲಿಸಿದರು.

"ಧೈರ್ಯ ಹೇಳಬೇಡ. ಚಪ್ಪಲಿ ಮೆಟ್ಟಿ ಅವಳ ಮುಂದೆ ನಡೆ."