ಎರಡನೇ ಜಾಗದವನು

ಫೋಟೋ ಸ್ಟುಡಿಯೊದ ಕಂಪ್ಯೂಟರಿನಲ್ಲಿ ಒಬ್ಬ ಕಾವಲುಗಾರನಿದ್ದ. ಯಂತ್ರ ಎದ್ದೊಡನೆ ಪಟ್ಟಿ ಹಿಡಿದು, ಡಿಸ್ಕುಗಳನ್ನು ಹೆಸರಿನಿಂದಲ್ಲ, ಕೂತ ಜಾಗದಿಂದ ಕರೆದು ಒಳಗೆ ಬಿಡುವುದು ಅವನ ರೂಢಿ. ತೀರಿಹೋದ ಮಡದಿಯ ಚಿತ್ರಗಳಿಗೆ ಇನ್ನೊಂದು ಪ್ರತಿ ಇರಲೆಂದು ಮಾಲೀಕ ಪುಂಡಲೀಕರಾಯರು ಹೊಸ ಡಿಸ್ಕು ತಂದು ಎರಡನೇ ಜಾಗದಲ್ಲಿ ಕೂರಿಸಿ, ಅಲ್ಲಿದ್ದ ಹಳೆಯದನ್ನು ಮೂರನೆಯದಕ್ಕೆ ಸರಿಸಿದರು.

"ಎರಡನೇ ಜಾಗದವನೇ, ಬಾ," ಎಂದ ಕಾವಲುಗಾರ. ಹೊಸದು ಒಳಗೆ ಹೋಯಿತು.

"ಅಣ್ಣಾ, ಅದು ಖಾಲಿ. ಅಮ್ಮನವರ ಚಿತ್ರಗಳೆಲ್ಲ ನನ್ನೊಳಗಿವೆ," ಎಂದು ಹಳೆಯ ಡಿಸ್ಕು ಅಂಗಲಾಚಿತು.

"ಹನ್ನೊಂದು ವರ್ಷದಿಂದ ನಿನ್ನನ್ನು ಬಲ್ಲೆ. ಆದರೆ ಪಟ್ಟಿಯಲ್ಲಿ ಮೂರನೇ ಜಾಗವೇ ಇಲ್ಲವಲ್ಲ."

ರಾಯರು ಪರದೆಯಲ್ಲಿ ತೆರೆದು ನೋಡಿದರೆ ಒಂದು ಚಿತ್ರವೂ ಇರಲಿಲ್ಲ. ಹಳೆಯದು ಕೆಟ್ಟುಹೋಯಿತೆಂದುಕೊಂಡು, ಸ್ಕ್ರೂ ಬಿಚ್ಚಿ ಗುಜರಿಯವನ ಚೀಲಕ್ಕೆ ಹಾಕಿದರು. ಅಷ್ಟೂ ಚಿತ್ರಗಳನ್ನು ಹೊತ್ತುಕೊಂಡೇ ಅದು ಹೋಯಿತು.

ಮರುದಿನ ಕಾವಲುಗಾರ ಪಟ್ಟಿ ಓದಿ ಮುಗಿಸಿ ಹೇಳಿದ: "ಎಲ್ಲರೂ ಹಾಜರು."