ಬಟ್ಟೆ ಎಣಿಸಿದವಳು

ನಮ್ಮ ಮಾತೋಶ್ರೀ ಬಾಳಮ್ಮ ತಾಯಿಯವರ ಪಾದಗಳನ್ನು ನೆನೆದು, ನಾನು ಕಣ್ಣಾರೆ ಕಂಡ ಒಂದು ಮಧ್ಯಾಹ್ನವನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ಕಾರಣವಿದೆ. ಈಚೆಗೆ ಕೆಲವು ಭಕ್ತರು ಈ ಸಂಗತಿಗೆ ರೆಕ್ಕೆಪುಕ್ಕ ಹಚ್ಚಿ, ತಾಯಿಯವರು ಕೂಸಿನ ಹಣೆ ಮುಟ್ಟಿದರು, ಕೂಸು ಕಣ್ಣು ಬಿಟ್ಟು ನಕ್ಕಿತು ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಹಾಗೇನೂ ಆಗಲಿಲ್ಲ. ಆದದ್ದು ಅದಕ್ಕಿಂತ ದೊಡ್ಡದು. ಆಗ ಅಲ್ಲಿ ಕೂತಿದ್ದವನು ನಾನು, ಅವರಲ್ಲ.

ತಾಯಿಯವರು ಊರ ಹೊರಗೆ, ಹಾಳು ಬಿದ್ದ ಸುಣ್ಣದ ಭಟ್ಟಿಯ ಮಗ್ಗುಲಲ್ಲಿ, ತಗಡು ಹೊದಿಸಿದ ಒಂದೇ ಒಂದು ಕೋಣೆಯಲ್ಲಿ ವಾಸವಾಗಿದ್ದರು. ಒಂದು ಚಾಪೆ, ಒಂದು ಹತ್ತಿಯ ಬುಟ್ಟಿ, ಬಾಗಿಲ ಬಳಿ ಒದ್ದೆ ಬಟ್ಟೆ ಸುತ್ತಿದ ಒಂದು ನೀರಿನ ಹರವಿ. ದಿನವಿಡೀ ಕೂತು ದೀಪದ ಬತ್ತಿ ಹೊಸೆಯುತ್ತಿದ್ದರು. ಬಂದವರು ಯಾರೇ ಆಗಲಿ, ಮೊದಲು ಹರವಿಯಿಂದ ಒಂದು ತಂಬಿಗೆ ನೀರು ಕುಡಿಯಬೇಕು, ಆಮೇಲೆ ಮಾತು. ನಾನು ಆಗ ಊರಿಗೆ ಟಪಾಲು ಹಂಚುತ್ತಿದ್ದೆ. ಬಿಸಿಲಲ್ಲಿ ಸೈಕಲ್ ತುಳಿದು ಸಾಕಾಗಿ ದಿನಾ ಅಲ್ಲಿಗೆ ಹೋಗುತ್ತಿದ್ದದ್ದು ಆ ನೀರಿನ ಆಸೆಗೇ ಹೊರತು ಭಕ್ತಿಗಲ್ಲ, ಅದನ್ನು ಮುಚ್ಚಿಟ್ಟು ಏನು ಮಾಡಲಿ.

ಕಳ್ಳ ಯಾರು, ಮಾಟ ಮಾಡಿಸಿದವರು ಯಾರು, ಕಣ್ಣು ಹಾಕಿದವರು ಯಾರು ಎಂದು ಕೇಳಲು ಜನ ಬರುತ್ತಿದ್ದರು. ತಾಯಿಯವರು ಒಬ್ಬರ ಹೆಸರನ್ನೂ ಹೇಳಿದವರಲ್ಲ. ಈಕೆಗೆ ಏನೂ ತಿಳಿಯುವುದಿಲ್ಲ, ಸುಮ್ಮನೆ ಬತ್ತಿ ಹೊಸೆಯುತ್ತಾಳೆ ಎಂದು ಹಿಂದಿನಿಂದ ಆಡಿಕೊಳ್ಳುವವರೂ ಇದ್ದರು.

ಆ ವರ್ಷದ ವೈಶಾಖದಲ್ಲಿ ಒಂದು ದಿನ ನಿಂಬೆವ್ವ ಬಂದಳು. ಅಗಸಿ ಓಣಿಯ ನಿಂಬೆವ್ವ ಎಂದರೆ ಊರಿಗೆಲ್ಲ ಗೊತ್ತು. ಹಾಲು ಹಾಕುವವನ ಮೇಲೆ ಅನುಮಾನ, ಹಿಟ್ಟಿನ ಗಿರಣಿಯವನ ಮೇಲೆ ಅನುಮಾನ, ಟಪಾಲು ಒಂದು ದಿನ ತಡವಾದರೆ ನಾನು ಒಡೆದು ಓದಿದೆನೆಂಬ ಅನುಮಾನ. ಅವಳ ಹೆಗಲ ಮೇಲೆ ಏಳು ತಿಂಗಳ ಮೊಮ್ಮಗಳು ಮಲಗಿದ್ದಳು. ಉರಿಬಿಸಿಲಲ್ಲೂ ಕೂಸಿನ ತಲೆಗೆ ಬಿಗಿಯಾಗಿ ಕುಲಾವಿ ಕಟ್ಟಿದ್ದಳು. ಹಿಂದೆ ಸೊಸೆ ಕಸ್ತೂರಿ. ಅವಳ ಹಿಂದೆ, ನಾಲ್ಕು ಮಾರು ದೂರದಲ್ಲಿ, ತಲೆ ತಗ್ಗಿಸಿಕೊಂಡು ನೆರೆಮನೆಯ ಸತ್ಯವ್ವ.

ತಾಯಿಯವರು ಹರವಿಯ ಕಡೆ ಕೈ ತೋರಿದರು. ನಿಂಬೆವ್ವ ಕುಡಿಯಲಿಲ್ಲ. ಹೆಸರು ತಿಳಿಯುವವರೆಗೆ ಬಾಯಿಗೆ ನೀರು ಬಿಡುವುದಿಲ್ಲವೆಂದು ಹೇಳಿ, ಚಾಪೆಯ ಅಂಚಿಗೆ ಕೂತು ದೂರು ಒಪ್ಪಿಸತೊಡಗಿದಳು.

ಕೂಸಿಗೆ ಮೂರು ದಿನದ ಹಿಂದೆ ವಾಂತಿ, ಭೇದಿ ಹತ್ತಿತ್ತು. ಕುಡಿದದ್ದೆಲ್ಲ ನೀರಾಗಿ ಹೋಗುತ್ತದೆಂದು ನಿಂಬೆವ್ವ ಹನಿ ನೀರನ್ನೂ ಕೊಡದೆ ನಿಲ್ಲಿಸಿದಳು. ತಾಯ ಹಾಲು ಕೆಟ್ಟಿದೆಯೆಂದು ನಿನ್ನೆಯಿಂದ ಎದೆಯನ್ನೂ ಬಿಡಿಸಿ, ಕೂಸನ್ನು ತನ್ನ ಹಾಸಿಗೆಗೆ ತಂದುಕೊಂಡಳು. ನೆತ್ತಿ ಕುಸಿದಂತೆ ಕಂಡಿತು. ಹರಳೆಣ್ಣೆ ಹಚ್ಚಿ ಕುಲಾವಿ ಕಟ್ಟಿದಳು. ನಿನ್ನೆ ರಾತ್ರಿಯಿಂದ ಭೇದಿ ನಿಂತಿದೆ, ಇವತ್ತು ಬೆಳಗಿನಿಂದ ಅಳುವೂ ನಿಂತಿದೆ, ಕೂಸು ಹಾಯಾಗಿ ಮಲಗಿದೆ. ಬೇನೆ ಇಳಿಯಿತು. ಆದರೆ ತಂದವರು ಯಾರು? ಅದಕ್ಕೇ ಈ ಸತ್ಯವ್ವನನ್ನು ಆಣೆ ಮಾಡಿಸಲು ಎಳೆದುಕೊಂಡು ಬಂದದ್ದು. ಮಕ್ಕಳಿಲ್ಲದ ಹೆಂಗಸು, ಗೋಡೆಯಾಚೆ ನಿಂತು ತಂತಿಯ ಮೇಲೆ ಒಣಗುವ ಕೂಸಿನ ಬಟ್ಟೆಗಳನ್ನು ದಿನಾ ಎಣಿಸುತ್ತಾಳೆ. ಬೆಳಿಗ್ಗೆ ಮನೆಗೇ ಬಂದು, ಇವತ್ತು ಬಟ್ಟೆ ಯಾಕೆ ಒಣಗಿಲ್ಲ ಎಂದು ಕೇಳಿದಳಂತೆ.

ಕೂಸಿನದನ್ನು ಏನೇ ಆಗಲಿ ಎಣಿಸಬಾರದೆಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಹಲ್ಲು ಎಣಿಸಬಾರದು, ತುತ್ತು ಎಣಿಸಬಾರದು. ನಾನು ಸತ್ಯವ್ವನ ಕಡೆ ನೋಡಿದೆ. ಅವಳು ಕಣ್ಣೆತ್ತಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಇವಳದೇ ಕೆಲಸ ಇದ್ದರೂ ಇದ್ದೀತು ಎಂದು ನನಗೂ ಅನಿಸಿತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಕೂಸು ಸುಮ್ಮನಾಯಿತೆಂಬ ಮಾತು ಕೇಳಿದೊಡನೆ ತಾಯಿಯವರ ಬೆರಳುಗಳು ಬತ್ತಿಯ ಮೇಲೆ ನಿಂತುಬಿಟ್ಟಿದ್ದವು. ಅಲ್ಲಿದ್ದ ನಮಗೆಲ್ಲ ಸತ್ಯವ್ವನ ಮೇಲೆ ಅನುಮಾನ. ತಾಯಿಯವರಿಗೆ ಮಾತ್ರ ಆ ಕೂಸಿನ ನಿದ್ದೆಯ ಮೇಲೆ ಅನುಮಾನ.

"ಕುಲಾವಿ ತಗೀರಿ," ಎಂದರು.

ನಿಂಬೆವ್ವ ಕೂಸನ್ನು ಇನ್ನಷ್ಟು ಅವುಚಿಕೊಂಡಳು. ಕಣ್ಣು ಹಾಕಿದವಳ ಎದುರಿಗೇ ನೆತ್ತಿ ತೆರೆಯುವುದೇ? ತಾಯಿಯವರ ಮುಖ ಒಮ್ಮೆ, ಸತ್ಯವ್ವನ ಮುಖ ಒಮ್ಮೆ ನೋಡಿದಳು. ಇವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂಬ ಗುಮಾನಿ ಅವಳ ಕಣ್ಣಲ್ಲಿ ನನಗೇ ಕಾಣಿಸಿತು. ಆಗ ಕಸ್ತೂರಿ ಮುಂದೆ ಬಂದಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಮಾತಿಗೆ ಎದುರಾಡದ ಹುಡುಗಿ ಅದು. ಅತ್ತೆಯ ಹೆಗಲಿನಿಂದ ಕೂಸನ್ನು ಎತ್ತಿ ತಾಯಿಯವರ ತೊಡೆಯ ಮೇಲೆ ಮಲಗಿಸಿ, ಕುಲಾವಿಯ ಗಂಟು ಬಿಚ್ಚಿದಳು.

ಎಣ್ಣೆ ಹಚ್ಚಿದ ನೆತ್ತಿ ಗುಳಿಬಿದ್ದಿತ್ತು. ಕಣ್ಣುಗಳು ಒಳಗೆ ಹೋಗಿದ್ದವು. ತಾಯಿಯವರು ಕೈ ತೊಳೆದುಕೊಂಡು ಕಿರುಬೆರಳನ್ನು ಕೂಸಿನ ಬಾಯೊಳಗೆ ಇಟ್ಟರು. ನಾಲಿಗೆ ಒಣಗಿತ್ತು, ಬೆರಳನ್ನು ಚೀಪಲೂ ಇಲ್ಲ. ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಹಿಡಿದೆತ್ತಿ ಬಿಟ್ಟರು. ಎದ್ದ ಮಡಿಕೆ ಒಂದು ಗಳಿಗೆ ಹಾಗೇ ನಿಂತು, ನಿಧಾನವಾಗಿ ಇಳಿಯಿತು. ಕೂಸು ಅಷ್ಟಕ್ಕೆ ಒಮ್ಮೆ ಮುಲುಗಿತು, ಅತ್ತಿತು ಅನ್ನುವಂತಿಲ್ಲ. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ.

"ಕೂಸು ಉಚ್ಚಿ ಮಾಡಿದ್ದು ಯಾವಾಗ?" ತಾಯಿಯವರು ಕೇಳಿದರು.

ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದು ನಿಂಬೆವ್ವ ಗೊಣಗಿದಳು. ಕಸ್ತೂರಿಗೆ ಗೊತ್ತಿಲ್ಲ, ಕೂಸು ನಿನ್ನೆಯಿಂದ ಅವಳ ಹತ್ತಿರ ಇರಲೇ ಇಲ್ಲ. ತಾಯಿಯವರು ಬಾಗಿಲ ಕಡೆ ತಿರುಗಿದರು.

"ಸತ್ಯವ್ವ, ನೀ ಹೇಳವ್ವ."

ಆಕೆಯ ಸಂಕಟ ಈಗ ನನಗೆ ಅರ್ಥವಾಗುತ್ತದೆ. ಬಾಯಿ ಬಿಟ್ಟರೆ ಎಣಿಸಿದ್ದು ತಾನೇ ಎಂದು ಎಲ್ಲರ ಮುಂದೆ ಒಪ್ಪಿಕೊಂಡಂತೆ. ನಾಳೆಯಿಂದ ಓಣಿಯಲ್ಲಿ ಯಾರೂ ಮುಖ ಕೊಟ್ಟು ಮಾತಾಡಿಸುವುದಿಲ್ಲ. ಗಂಡನ ಮನೆಯವರು ಇವಳನ್ನು ತವರಿಗೆ ಅಟ್ಟಲು ಒಂದು ನೆಪಕ್ಕಾಗಿ ಕಾಯುತ್ತಿದ್ದರೆಂಬುದೂ ಊರಿಗೆ ಗೊತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೊನೆಗೆ ಹೇಳಿದಳು.

"ಎಣಿಸಿದ್ದು ಖರೆ ಐತ್ರಿ ತಾಯಿ. ಕೂಸಿನ್ನ ಎತ್ತಿಕೊಳ್ಳಾಕ ನನಗ ಯಾರೂ ಕೊಡಂಗಿಲ್ಲ. ತಂತಿ ಮ್ಯಾಲ ಬಟ್ಟಿ ನೋಡಿದ್ರ ಕೂಸು ಛಲೋ ಐತಿ ಅಂತ ಸಮಾಧಾನ ಆಕ್ಕೈತಿ. ಮೊನ್ನಿ ಹದಿನಾಕು ಇದ್ವು. ನಿನ್ನಿ ಐದು. ನಿನ್ನಿ ಸಂಜಿಮುಂದ ಒಂದು. ಅದರ ಮ್ಯಾಲ ಒಂದೂ ಬಿದ್ದಿಲ್ರಿ. ಅದಕ್ಕ ಹೆದರಿ ಕೇಳಾಕ ಹೋಗಿದ್ದೆ."

ತಾಯಿಯವರು ಕೂಸನ್ನು ಎತ್ತಿಕೊಂಡು ಎದ್ದು ನಿಂತರು. ಭಟ್ಟಿಯ ಮಗ್ಗುಲು ಬಿಟ್ಟು ಅವರು ಎಲ್ಲಿಗಾದರೂ ಹೋದದ್ದನ್ನು ಅದುವರೆಗೆ ಊರು ಕಂಡಿರಲಿಲ್ಲ.

"ದವಾಖಾನಿಗೆ ನಡೀರಿ. ಇದು ನಿದ್ದಿ ಅಲ್ಲ. ಕೂಸಿನ ಮೈಯಾಗ ನೀರು ಉಳದಿಲ್ಲ."

ನಿಂಬೆವ್ವ ಅಲುಗಲಿಲ್ಲ. ಭಸ್ಮವಿಲ್ಲ, ಹೆಸರಿಲ್ಲ, ದವಾಖಾನೆಗೆ ಹೋಗಲು ಇಲ್ಲಿಗೇಕೆ ಬರಬೇಕಿತ್ತು ಎಂದು ಸಿಡುಕಿದಳು. ತಾಯಿಯವರು ಅವಳ ಹತ್ತಿರ ಹೋಗಿ, ನನಗೆ ಕಷ್ಟಪಟ್ಟು ಕೇಳಿಸುವಷ್ಟು ಮೆಲ್ಲಗೆ ನುಡಿದರು.

"ನಂದೂ ಒಂದಿತ್ತವ್ವ. ಅಳೂದು ನಿಂತಾಗ, ಆರಾಮಾತು ಅಂತ ನಾನೂ ದೀಪಾ ಹಚ್ಚಿದ್ದೆ."

ನಿಂಬೆವ್ವ ಎದ್ದಳು. ತಾಯಿಯವರಿಗೆ ಪೂರ್ವಾಶ್ರಮದಲ್ಲಿ ಮಗುವಿತ್ತೆಂಬುದು ನಮಗೆ ಯಾರಿಗೂ ತಿಳಿದಿರಲಿಲ್ಲ. ಅವರು ಅದನ್ನು ಹಿಂದೆ ಹೇಳಿರಲಿಲ್ಲ, ಮುಂದೆಯೂ ಹೇಳಲಿಲ್ಲ.

ನಾನು ಟಪಾಲಿನ ಚೀಲ ಅಲ್ಲೇ ಬಿಟ್ಟು, ಸೈಕಲ್ ತುಳಿದು ಡಾಂಬರು ರಸ್ತೆಗೆ ಹೋಗಿ ಒಂದು ಟಂಟಂ ಗಾಡಿ ನಿಲ್ಲಿಸಿದೆ. ಸಂತೆಗೆ ಹೊರಟಿದ್ದ ಜನ ಕೂಸಿನ ಸಂಗತಿ ಕೇಳಿ ಇಳಿದು ಜಾಗ ಬಿಟ್ಟರು. ನಾವೆಲ್ಲ ಹತ್ತಿದೆವು, ಸತ್ಯವ್ವನೂ ಬಂದಳು. ದಾರಿಯಲ್ಲಿ ಕಸ್ತೂರಿ ಎದೆಗೆ ಹಚ್ಚಿ ನೋಡಿದಳು, ಕೂಸು ಬಾಯಿ ಹಾಕಲಿಲ್ಲ. ಈಗ ನಿಂಬೆವ್ವನಿಗೂ ಗಾಬರಿ ಹೊಕ್ಕಿತ್ತು. ಬರುವಾಗ ಹರವಿಯಿಂದ ತುಂಬಿ ತಂದಿದ್ದ ತಂಬಿಗೆಯ ನೀರನ್ನು ಕೂಸಿನ ಬಾಯಿಗೆ ಸುರಿಯಲು ಹೋದಳು. ತಾಯಿಯವರು ಕೈ ಹಿಡಿದು ತಡೆದರು. ಎಚ್ಚರವಿಲ್ಲದ ಕೂಸಿನ ಬಾಯಿಗೆ ಸುರಿದರೆ ಉಸಿರಿಗೆ ಹೋಗುತ್ತದೆ, ಕೊಡುವ ಹೊತ್ತು ನಿನ್ನೆ ಇತ್ತು ಎಂದರು.

ದವಾಖಾನೆಯಲ್ಲಿದ್ದವರು ಹೊಸದಾಗಿ ಬಂದ ಒಬ್ಬ ಡಾಕ್ಟರಮ್ಮ. ಭಟ್ಟಿಯನ್ನೂ ಕಂಡವರಲ್ಲ, ತಾಯಿಯವರನ್ನೂ ಕಂಡವರಲ್ಲ. ನಿಂಬೆವ್ವ ಅವರ ಕೈಯನ್ನೇ ನೋಡುತ್ತ ನಿಂತಿದ್ದಳು. ಡಾಕ್ಟರಮ್ಮ ನೆತ್ತಿ ಮುಟ್ಟಿದರು. ಬಾಯಿ ನೋಡಿದರು. ಹೊಟ್ಟೆಯ ಚರ್ಮ ಎತ್ತಿ ಬಿಟ್ಟರು. ನರ್ಸಿಗೆ ಸಲೈನ್ ಎಂದು ಹೇಳುತ್ತಲೇ ಈ ಕಡೆ ತಿರುಗಿ, ಮಗು ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ ಎಂದು ಕೇಳಿದರು.

ಅದೇ ಪ್ರಶ್ನೆ. ಇವರಿಬ್ಬರೂ ಮಾತಾಡಿಕೊಂಡಿದ್ದಾರೆ ಎಂದು ಈ ಸಲ ನಿಂಬೆವ್ವನಿಗೂ ಅನ್ನಲಾಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಸತ್ಯವ್ವನನ್ನು ತಾನೇ ಹೋಗಿ ತೋಳು ಹಿಡಿದು ಒಳಗೆ ಕರೆತಂದು, "ಇಕಿಗಿ ಗೊತ್ತೈತ್ರಿ," ಎಂದಳು.

ಆಮೇಲೆ ಕಾಯುವ ಕೆಲಸ. ತಾಯಿಯವರು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತರು. ಜಪವನ್ನೂ ಮಾಡಲಿಲ್ಲ, ಸಲೈನಿನ ಬಾಟಲಿಯ ಕಡೆಗೇ ನೋಡುತ್ತಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಕೂಸು ಕಾಲು ಒದ್ದಿತು. ಮತ್ತೆ ಸ್ವಲ್ಪ ಹೊತ್ತಿಗೆ ದೊಡ್ಡ ದನಿಯಲ್ಲಿ ಅತ್ತಿತು, ಕೆನ್ನೆಯ ಮೇಲೆ ಕಣ್ಣೀರು ಹರಿಯಿತು. ನಿಂಬೆವ್ವ ತೊಡೆಯ ಮೇಲೆ ಹಾಕಿಕೊಂಡಿದ್ದಾಗಲೇ ಕೂಸು ಉಚ್ಚೆ ಮಾಡಿ ಅವಳ ಸೀರೆಯೆಲ್ಲ ಒದ್ದೆಯಾಯಿತು. ನರ್ಸು ಬಟ್ಟೆ ತರಲೇ ಎಂದರೆ ಬೇಡವೆಂದಳು. ಆ ಒದ್ದೆ ಸೀರೆಯಲ್ಲೇ ಕೂತು, ನಾಚಿಕೆ ಬಿಟ್ಟು, ಎಲ್ಲರ ಎದುರಿಗೆ ಬಿಕ್ಕಿ ಬಿಕ್ಕಿ ಅತ್ತಳು.

ಡಾಕ್ಟರಮ್ಮ ನಿಂಬೆವ್ವನಿಗೆ ಚೆನ್ನಾಗಿಯೇ ಬೈದರು. ಭೇದಿಯಾದಾಗ ಎದೆಹಾಲು ಬಿಡಿಸಲೇಬಾರದು. ಕಾಯಿಸಿ ಆರಿಸಿದ ನೀರಿಗೆ ಓಆರ್‌ಎಸ್ ಪುಡಿ ಕಲಸಿ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಬೇಕು. ಉಚ್ಚೆ ಕಡಿಮೆಯಾದರೆ, ಬಾಯಿ ಒಣಗಿದರೆ, ಕಣ್ಣೀರಿಲ್ಲದೆ ಅತ್ತರೆ, ನೆತ್ತಿ ಕುಸಿದರೆ ತಡಮಾಡದೆ ಕರೆತರಬೇಕು. ಕುಡಿಯದೆ ಮಂಕಾಗಿ ಮಲಗಿಬಿಟ್ಟರೆ ಒಂದು ಗಳಿಗೆಯೂ ಕಾಯಬಾರದು. ತಾಯಿಯವರು ನನ್ನನ್ನು ಕರೆದು, ಕಾಗದ ಕೊಡುವ ಮನೆಗೆಲ್ಲ ಈ ಮಾತನ್ನೂ ಕೊಟ್ಟು ಬಾ ಎಂದು ಅಪ್ಪಣೆ ಮಾಡಿದರು. ಚಾಕರಿ ಮುಗಿಯುವವರೆಗೆ ನಾನು ಅದನ್ನು ತಪ್ಪಿಸಲಿಲ್ಲ.

ನಾಲ್ಕನೆಯ ದಿನ ಕೂಸು ಮನೆಗೆ ಬಂತು. ಅದರ ಮುಂದಿನ ಸೋಮವಾರ ನಿಂಬೆವ್ವ ಒಬ್ಬಳೇ ಭಟ್ಟಿಗೆ ಬಂದು, ಯಾರೂ ಹೇಳುವ ಮೊದಲೇ ಹರವಿಯಿಂದ ತಂಬಿಗೆ ತುಂಬ ನೀರು ಕುಡಿದು ಕೂತಳು. ಹೆಸರು ಬೇಕಾಗಿತ್ತಲ್ಲ ಎಂದು ತಾಯಿಯವರು ಬತ್ತಿ ಹೊಸೆಯುತ್ತಲೇ ಕೇಳಿದರು. ಅವಳು ತಲೆಯಾಡಿಸಿ ಬೇಡವೆಂದಳು.

ಮರುದಿನ ಟಪಾಲು ಹಿಡಿದು ಅಗಸಿ ಓಣಿಗೆ ಹೋದೆ. ನಿಂಬೆವ್ವನ ಅಂಗಳದ ತಂತಿಯ ತುಂಬ ಕೂಸಿನ ಬಟ್ಟೆಗಳು ಒಣಗುತ್ತಿದ್ದವು. ಗೋಡೆಯಾಚೆ ಸತ್ಯವ್ವ ಬೆನ್ನು ತಿರುಗಿಸಿಕೊಂಡು ಪಾತ್ರೆ ಬೆಳಗುತ್ತಿದ್ದಳು, ತಪ್ಪಿಯೂ ಈ ಕಡೆ ನೋಡುತ್ತಿರಲಿಲ್ಲ. ನಿಂಬೆವ್ವ ಕೂಸನ್ನು ಎತ್ತಿಕೊಂಡು ಗೋಡೆಯ ಹತ್ತಿರ ಹೋದಳು. ಬರಿತಲೆಯ ಕೂಸನ್ನು ಗೋಡೆಯ ಮೇಲಿಂದ ಸತ್ಯವ್ವನ ಕೈಗೆ ದಾಟಿಸಿದಳು.

"ನನಗ ಈಗ ದೂರದ್ದು ಕಾಣಂಗಿಲ್ಲವ್ವ," ಎಂದಳು. "ಇವತ್ತ ಎಷ್ಟಾದವು, ನೀನ ಎಣಿಸಿ ಹೇಳು."