ಮಂಕಾಳಿ ನೀರಿಗೆ ಹೆಪ್ಪು ಹಾಕಿದ್ದು

ಲೋಕ ಇನ್ನೂ ಹೊಸತಾಗಿದ್ದ ಕಾಲ ಅದು. ಎಷ್ಟು ಹೊಸತು ಎಂದರೆ, ಬೆಟ್ಟಗಳಿಗೆ ತಮ್ಮ ತಮ್ಮ ಜಾಗ ಇನ್ನೂ ರೂಢಿಯಾಗಿರಲಿಲ್ಲ. ಹೊಳೆಗಳು ದಾರಿ ಕೇಳಿಕೊಂಡು ಕೇಳಿಕೊಂಡು ಕಡಲು ಸೇರುತ್ತಿದ್ದವು. ಗಾಳಿ, ಏಡಿ, ಮೀನು, ಮನುಷ್ಯರು ಎಲ್ಲರೂ ಆಡುತ್ತಿದ್ದುದು ಒಂದೇ ಭಾಷೆ.

ಆಗ ಕಡಲ ದಂಡೆಯ ಕಲ್ಲುಗಳು ತೊಳೆದು ಕವುಚಿಟ್ಟ ಪಾತ್ರೆಗಳ ಹಾಗೆ ಬೆಳ್ಳಗಿದ್ದವು. ಅವುಗಳ ಮೇಲೆ ಹೇಗೆ ಓಡಿದರೂ ಯಾರ ಕಾಲೂ ಜಾರುತ್ತಿರಲಿಲ್ಲ.

ಆ ದಂಡೆಯಲ್ಲಿ ಮಂಕಾಳಿ ಎಂಬ ಹೆಂಗಸಿದ್ದಳು. ಕಡಲ ನೀರು ಕಾಯಿಸಿ ಉಪ್ಪು ಮಾಡುವುದು ಅವಳ ಕೆಲಸ. ಮನೆಯಲ್ಲಿ ಒಂದು ಎಮ್ಮೆ, ಒಲೆಯ ಮೇಲೆ ಹಾಲು, ಮೂಲೆಯಲ್ಲಿ ಮೊಸರಿನ ಗಡಿಗೆ. ಅವಳಿಗೆ ಒಂದೇ ಒಂದು ಚಟ, ಅದು ತಿಕ್ಕುವುದು. ತೆಂಗಿನ ನಾರು, ಒಂದು ಹಿಡಿ ಬೂದಿ ಕೈಗೆ ಸಿಕ್ಕರೆ ಸಾಕು, ಪಾತ್ರೆ ತಿಕ್ಕುವಳು, ಹೊಸ್ತಿಲು ತಿಕ್ಕುವಳು, ಎಮ್ಮೆಯ ಕೊಂಬನ್ನೂ ಬಿಡುತ್ತಿರಲಿಲ್ಲ. ನೆಂಟರು ಬರುತ್ತಾರೆ ಎಂದರಂತೂ ಎಮ್ಮೆ ಅವಳ ಕಣ್ಣಿಗೆ ಬೀಳದ ಹಾಗೆ ಎದ್ದು ಹೋಗಿಬಿಡುತ್ತಿತ್ತು.

ಒಂದು ದಿನ ಪುಟ್ಟ ಪಟ್ಟೆಮೀನೊಂದು ದಂಡೆಯ ಹತ್ತಿರ ಬಂದು ತಲೆ ಎತ್ತಿತು.

"ಮಂಕಾಳಕ್ಕ, ಒಂದು ಉಪಕಾರ ಮಾಡ್ತೀಯಾ? ಪ್ರತಿ ಸಲ ಮೊಟ್ಟೆ ಇಡ್ತೇನೆ, ಪ್ರತಿ ಸಲ ಅಲೆ ಬಂದು ಬಳಿದುಕೊಂಡು ಹೋಗ್ತದೆ. ಒಂದು ಮರಿಯ ಮುಖವನ್ನೂ ನಾನು ಕಂಡದ್ದಿಲ್ಲ. ನಿನ್ನ ಮನೆ ಮುಂದಿನ ಬಂಡೆಯಲ್ಲಿ ಹೊಂಡ ಉಂಟಲ್ಲ, ಅದನ್ನು ನನಗೆ ಕೊಡ್ತೀಯಾ?"

ಮಂಕಾಳಿ ತಿಕ್ಕುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು. "ಅದಕ್ಕೆಂತ, ಕೊಡ್ತೇನೆ. ಯಾವಾಗ ಬರ್ತಿ?"

"ಹುಣ್ಣಿಮೆಯ ಉಬ್ಬರಕ್ಕೆ. ಹುಣ್ಣಿಮೆಗೆ, ಅಮಾವಾಸ್ಯೆಗೆ ಮಾತ್ರ ನೀರು ಅಷ್ಟು ಎತ್ತರಕ್ಕೆ ಏರ್ತದೆ."

"ಬಾ. ಹೊಂಡ ತುಂಬಿಸಿ ಇಟ್ಟಿರ್ತೇನೆ. ನಿನ್ನ ಮರಿಗಳಿಗೆ ಏನೂ ಆಗದ ಹಾಗೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ."

ಮಾತು ಕೊಟ್ಟದ್ದೇ ತಡ, ಮಂಕಾಳಿ ನಾರು ಹಿಡಿದು ಹೊಂಡಕ್ಕೆ ಇಳಿದಳು. ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ಆಮೇಲೆ ಕಡಲಿನಿಂದ ಕೊಡ ಕೊಡ ನೀರು ಹೊತ್ತು ತಂದು ಬಟ್ಟೆಯಲ್ಲಿ ಸೋಸಿ ಸುರಿದಳು. ತಳದಲ್ಲಿ ಸಾಸಿವೆ ಬಿದ್ದರೂ ಕಾಣುವಷ್ಟು ನೀರು ತಿಳಿಯಾಗಿತ್ತು. ಮಂಕಾಳಿ ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿಯೇ ನೋಡಿದಳು.

ಅಷ್ಟರಲ್ಲಿ ಒಂದು ಸಿಗಡಿ, ಯಾರೂ ಕರೆಯದಿದ್ದರೂ, ಹೊಸ ಮನೆ ಎಂದು ಆಸೆಪಟ್ಟು ಹೊಂಡದೊಳಗೆ ಹಾರಿತು. ಮಂಕಾಳಿ ಅದಕ್ಕೆ ಅನ್ನದ ಅಗುಳು ಹಾಕಿದಳು. ಸಿಗಡಿ ತಿಂದಿತು, ಹೇತಿತು, ಇನ್ನೂ ತಿಂದಿತು. ಕೆಲವು ದಿನ ಕಳೆದ ಮೇಲೆ ನೋಡಿದರೆ ಹೊಂಡದಲ್ಲಿ ಮಗುಚಿ ಬಿದ್ದಿದೆ. ನೀರು ಮಾತ್ರ ಹಾಗೇ ತಿಳಿಯಾಗಿತ್ತು.

ಮಂಕಾಳಿಗೆ ಹೆದರಿಕೆಯಾಯಿತು. ಇಷ್ಟು ಚೊಕ್ಕ ನೀರಿನಲ್ಲಿ ಸಿಗಡಿ ಯಾಕೆ ಸತ್ತಿತು? ಸಿಗಡಿಗೇ ಹೀಗಾದರೆ ಕಣ್ಣು ಬಿಡದ ಮರಿಗಳ ಗತಿ ಏನು? ಅವಳು ನೇರ ದಂಡೆಗೆ ಹೋಗಿ ಕಡಲಮ್ಮನನ್ನು ಕೂಗಿದಳು.

ಕಡಲಮ್ಮ ನಿಧಾನಕ್ಕೆ ಬಂದಳು, ನಿಧಾನಕ್ಕೆ ಕೇಳಿಸಿಕೊಂಡಳು. ಒಂದು ಸಣ್ಣ ಅಲೆಯನ್ನು ಬೆರಳಿನ ಹಾಗೆ ಚಾಚಿ ಹೊಂಡದ ನೀರನ್ನು ಮುಟ್ಟಿ ನೋಡಿದಳು.

"ಇದು ಹಸಿ ನೀರು, ಮಾರಾಯ್ತಿ."

"ನಿಮ್ಮ ಮನೆಯದೇ ನೀರಲ್ಲವಾ, ಕಡಲಮ್ಮ?"

"ನೀರು ನನ್ನದೇ. ಆದರೆ ನೀನು ಸೋಸಿದಿ, ತಿಕ್ಕಿದ ಕಲ್ಲಿಗೆ ಸುರಿದಿ. ನನ್ನ ಮನೆಯಲ್ಲಿ ತಿನ್ನುವವರು ಎಷ್ಟು ಜನ, ಹೇಲುವವರು ಎಷ್ಟು ಜನ, ಯಾವತ್ತಾದರೂ ಯೋಚನೆ ಮಾಡಿದ್ದೀಯಾ? ಆ ಕೊಳೆಯೆಲ್ಲ ಎಲ್ಲಿ ಹೋಗ್ತದೆ? ನನ್ನ ತಳದ ಕಲ್ಲುಗಳಲ್ಲಿ ಕಣ್ಣಿಗೆ ಕಾಣದವರು ಇದ್ದಾರೆ. ಒಬ್ಬರು ಕೊಳೆಯನ್ನು ತಿನ್ನುತ್ತಾರೆ. ಅವರು ಬಿಟ್ಟದ್ದೂ ವಿಷವೇ, ಅದನ್ನು ಇನ್ನೊಬ್ಬರು ತಿನ್ನುತ್ತಾರೆ. ಅವರು ಬಿಟ್ಟದ್ದನ್ನು ಪಾಚಿ ತಿನ್ನುತ್ತದೆ. ಆಮೇಲೆಯೇ ನೀರು ನೀರಾಗುವುದು. ಹಾಲು ಎಷ್ಟು ಒಳ್ಳೆಯದಾದರೂ ಸುಮ್ಮನೆ ಇಟ್ಟರೆ ಮೊಸರಾಗ್ತದಾ?"

"ಇಲ್ಲ," ಎಂದಳು ಮಂಕಾಳಿ. "ಹೆಪ್ಪು ಬೇಕು."

"ಹಾಗೆಯೇ ನೀರಿಗೂ."

ಮಂಕಾಳಿಗೆ ಒಂದೇ ಮಾತಿಗೆ ಅರ್ಥವಾಯಿತು. ಆದರೂ ಅವಳು ಆಗಲೇ ಹೆಪ್ಪು ಕೇಳಲಿಲ್ಲ. ಮನೆಗೆ ಹೋಗಿ, ಮರುದಿನ ಬೆಳಿಗ್ಗೆ ಮಿಂದು, ಬಟ್ಟಲು ಹಿಡಿದು ಬಂದಳು.

"ನಿನ್ನೆಯೇ ಕೇಳಬಹುದಿತ್ತಲ್ಲ?" ಎಂದಳು ಕಡಲಮ್ಮ.

"ನಿನ್ನೆ ದೀಪ ಹಚ್ಚುವ ಹೊತ್ತಾಗಿತ್ತು. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಯಾರೂ ಹೆಪ್ಪು ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಕೊಟ್ಟ ಮನೆಯ ಹಾಲು ಒಡೀತದೆ."

"ಒಳ್ಳೆಯ ಪದ್ಧತಿ. ಇನ್ನು ಮೇಲೆ ನಾನೂ ಹಾಗೇ ಮಾಡ್ತೇನೆ," ಎಂದು ಕಡಲಮ್ಮ ತನ್ನ ತಳದಿಂದ ಒಂದು ಒರಟು ಕಲ್ಲನ್ನು ಉರುಳಿಸಿ ತಂದು ಕೊಟ್ಟಳು. ಮೈಯೆಲ್ಲ ತೂತು, ಮೇಲೆ ಕಂದು ಲೋಳೆ. "ಇದನ್ನು ಹೊಂಡದಲ್ಲಿಡು. ಅಲುಗಿಸಬೇಡ, ತೊಳೆಯಬೇಡ. ನಾರು ಮುಟ್ಟಿಸಲೇಬೇಡ."

ಕೊನೆಯ ಮಾತನ್ನು ಕಡಲಮ್ಮ ಮಂಕಾಳಿಯ ಕೈ ನೋಡಿಕೊಂಡೇ ಹೇಳಿದಳು.

ಕಲ್ಲು ಹೊಂಡಕ್ಕೆ ಇಳಿಯಿತು. ನೀರು ಮೊದಲು ಮಬ್ಬಾಯಿತು. ಆಮೇಲೆ ಸ್ವಲ್ಪ ವಾಸನೆ ಬಂತು. ಆಮೇಲೆ ಹೊಂಡದ ಗೋಡೆಗೆಲ್ಲ ಕಂದು ಬಣ್ಣ ಹತ್ತಿಕೊಂಡಿತು. ಮಂಕಾಳಿ ಮೂಗು ಮುಚ್ಚಿಕೊಂಡು ಸಹಿಸಿದಳು. ದಾರಿಯಲ್ಲಿ ಹೋಗುವ ಏಡಿ, "ಏನು ಮಂಕಾಳಕ್ಕ, ಮೈಗೆ ಹುಷಾರಿಲ್ಲವಾ? ಹೊಂಡ ಹೀಗಾಗಿದೆ," ಎಂದು ಕಣ್ಣು ಹೊರಳಿಸಿ ಕೇಳಿತು. ಅವಳಿಗೆ ಅವಮಾನದಿಂದ ಮುಖ ಬಿಸಿಯಾಯಿತು, ಆದರೂ ನಾರು ಮುಟ್ಟಲಿಲ್ಲ.

ಹುಣ್ಣಿಮೆ ಹತ್ತಿರ ಬಂತು. ಗೋಡೆಯ ಮೂಲೆಯಲ್ಲಿ ಎಳೆ ಹಸಿರು ಕಾಣಿಸಿಕೊಂಡಿತು.

ಆಗ ಗಾಳಿ ಬಂತು. ಆ ಕಾಲದ ಗಾಳಿಗೆ ಇನ್ನೂ ಹುಡುಗಾಟಿಕೆ. ಮಳೆಗಾಲಕ್ಕೆ ಎಷ್ಟೋ ಸಮಯ ಇದ್ದರೂ, ಎಲ್ಲೋ ನಿದ್ದೆ ಮಾಡುತ್ತಿದ್ದ ಮೋಡವನ್ನು ತಳ್ಳಿಕೊಂಡು ಬಂದು ಬಂಡೆಯ ಮೇಲೆ ನಿಲ್ಲಿಸಿತು. ಮೋಡಕ್ಕೆ ಎಚ್ಚರವಾಗಿ, ಗಾಬರಿಯಾಗಿ, ಇದ್ದದ್ದನ್ನೆಲ್ಲ ಅಲ್ಲೇ ಸುರಿದುಬಿಟ್ಟಿತು. ಉಪ್ಪುನೀರಿನ ಹೊಂಡದ ತುಂಬ ಸಿಹಿನೀರು.

ಮಳೆ ನಿಂತಾಗ ಲೋಳೆಯೆಲ್ಲ ಬಿಳಿಚಿ ಎದ್ದು ತೇಲುತ್ತಿತ್ತು. ವಾಸನೆಯಂತೂ ಕೇಳುವುದೇ ಬೇಡ. ಪಟ್ಟೆಮೀನು ಬರುವುದು ಮರುದಿನ.

ಏನಾಯಿತು, ಏನು ಮಾಡಬೇಕು ಎಂದು ಮಂಕಾಳಿ ಕಡಲಮ್ಮನನ್ನು ಕೇಳಬಹುದಿತ್ತು. ಆದರೆ ಮನೆ ಗಲೀಜಾಗಿದೆ, ನಾಳೆ ನೆಂಟರು ಬರುತ್ತಾರೆ. ಅಷ್ಟು ಸಾಕಾಯಿತು, ಕೈ ತಾನಾಗಿ ನಾರಿನ ಕಡೆಗೆ ಹೋಯಿತು. ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ಗೋಡೆ ತಿಕ್ಕಿದಳು, ತಳ ತಿಕ್ಕಿದಳು, ಹೆಪ್ಪಿನ ಕಲ್ಲನ್ನೂ ಎತ್ತಿ ಬೂದಿ ಹಾಕಿ ತಿಕ್ಕಿ, ಬಿಸಿನೀರಿನಲ್ಲಿ ಅದ್ದಿ ತೆಗೆದಳು. ಕಲ್ಲು ಬೆಳ್ಳಗಾಯಿತು. ಅದನ್ನು ಮತ್ತೆ ಹೊಂಡದ ಗೋಡೆಯ ಹತ್ತಿರ ಇಟ್ಟು ಹೊಸ ನೀರು ಸೋಸಿ ತುಂಬಿಸಿದಳು. ಆ ದಿನ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಮರುದಿನ ಸಂಜೆ ಅವಳು ದೀಪ ಹಚ್ಚಿ ಹೊರಗೆ ಬರುವಾಗ ಬಂಡೆಯ ಬುಡದಲ್ಲಿ ಪಟ್ಟೆಮೀನು ಕಾಯುತ್ತಿತ್ತು. ಹೊಟ್ಟೆ ಭಾರವಾಗಿ ಅದಕ್ಕೆ ಸರಿಯಾಗಿ ಈಜಲೂ ಆಗುತ್ತಿರಲಿಲ್ಲ. ಮಂಕಾಳಿ ಸಂಭ್ರಮದಿಂದ ಹೊಂಡದ ನೀರನ್ನು ಬೊಗಸೆಯಲ್ಲಿ ತಂದು ತೋರಿಸಿದಳು. ಮೀನು ಮೂಸಿ ನೋಡಿ ಹಿಂದೆ ಸರಿಯಿತು.

"ಅಕ್ಕ, ಇದು ಹಸಿ ನೀರು."

ಮಂಕಾಳಿಗೆ ತಾನು ಮಾಡಿದ್ದೇನು ಎಂದು ಈಗ ತಿಳಿಯಿತು. ಹೆಪ್ಪು ಹಾಕಿದ ಗಡಿಗೆಯನ್ನು ಅರ್ಧದಲ್ಲಿ ಎತ್ತಿ ತೊಳೆದಿಟ್ಟಿದ್ದಳು. ಯಾವ ಮನೆಯಲ್ಲೂ ಯಾವ ಹೆಂಗಸೂ ಮಾಡದ ಕೆಲಸ.

"ತಪ್ಪಾಯ್ತು ತಂಗಿ," ಎಂದಳು. "ಅಮಾವಾಸ್ಯೆವರೆಗೆ ತಡೆಯಲಿಕ್ಕೆ ಆಗ್ತದಾ?"

"ನಾನು ತಡೆದರೂ ಮೊಟ್ಟೆ ತಡೆಯುವುದಿಲ್ಲ ಅಕ್ಕ. ಈ ಉಬ್ಬರಕ್ಕೆ ಇಡಲೇಬೇಕು. ಮೊಟ್ಟೆಗೆ ಹಸಿ ನೀರಾದರೂ ನಡೀತದೆ, ಅದು ತಿನ್ನುವುದಿಲ್ಲ, ಹೇಲುವುದಿಲ್ಲ. ಒಡೆದು ಮರಿ ಹೊರಗೆ ಬಂದ ಮೇಲೆ ಕಷ್ಟ."

ಮಂಕಾಳಿ ಬಟ್ಟಲು ಹಿಡಿದು ಓಡಿದಳು. "ಕಡಲಮ್ಮ, ಇನ್ನೊಂದು ಚೂರು ಹೆಪ್ಪು ಕೊಡಿ."

"ದೀಪ ಹಚ್ಚಿದೆಯಾ?" ಕೇಳಿದಳು ಕಡಲಮ್ಮ.

ಹಚ್ಚಿಲ್ಲ ಎಂದು ಹೇಳುವ ಹಾಗಿಲ್ಲ, ಮನೆಯ ದೀಪ ದಂಡೆಗೇ ಕಾಣುತ್ತಿತ್ತು. ಮಂಕಾಳಿ ತಲೆ ತಗ್ಗಿಸಿದಳು. "ಹಚ್ಚಿದೆ. ಬೆಳಿಗ್ಗೆವರೆಗೆ ಕಾಯಲಿಕ್ಕೆ ಆಗುವುದಿಲ್ಲ. ಮೊಟ್ಟೆ ಇಡುವುದು ಇದೇ ಉಬ್ಬರದಲ್ಲಿ. ಇಟ್ಟ ಮೇಲೆ ನಾನು ಕಲ್ಲು ಉರುಳಿಸಿದರೆ ಎಲ್ಲ ಜಜ್ಜಿ ಹೋಗ್ತವೆ. ತಪ್ಪು ನನ್ನದು, ಕಡಲಮ್ಮ. ಅದಕ್ಕೆ ಇವಳ ಮಕ್ಕಳು ಯಾಕೆ ಸಾಯಬೇಕು?"

ಕಡಲಮ್ಮ ಮನೆಯ ದೀಪದ ಕಡೆಗೆ ನೋಡಿ ಹೇಳಿದಳು: "ನೀನು ಹೇಳಿಕೊಟ್ಟ ಪದ್ಧತಿ, ನಾನು ಮುರಿಯುವುದಿಲ್ಲ. ಹೆಪ್ಪನ್ನು ನಿನ್ನ ಕೈಗೆ ಕೊಡುವುದಿಲ್ಲ. ಆದರೆ ನಾನು ನಡೆದು ಹೋಗುವಾಗ ದಾರಿಯಲ್ಲಿ ನನ್ನಿಂದ ಏನಾದರೂ ಚೆಲ್ಲಿ ಹೋದರೆ ಅದನ್ನು ಕೊಟ್ಟದ್ದು ಎಂದು ಯಾರೂ ಹೇಳುವ ಹಾಗಿಲ್ಲ. ನೀನು ಒಳಗೆ ಹೋಗಿ ಮಲಗು."

ಬೆಳಿಗ್ಗೆ ಬಾಗಿಲು ತೆಗೆದರೆ ದಂಡೆಯ ಕಲ್ಲುಗಳ ಗುರುತೇ ಸಿಗುವುದಿಲ್ಲ. ಬೆಳ್ಳಗಿದ್ದ ಒಂದೊಂದು ಕಲ್ಲಿನ ಮೇಲೂ ಕಡಲಮ್ಮ ಹೆಪ್ಪು ಸವರಿ ಹೋಗಿದ್ದಳು, ನೀರಿನ ಅಂಚಿನಿಂದ ಬಂಡೆಯ ನೆತ್ತಿಯವರೆಗೆ. ಇನ್ನು ಮುಂದೆ ಯಾರೂ, ಯಾವ ಹೊತ್ತಿನಲ್ಲೂ, ಕೈಯೊಡ್ಡಿ ಕೇಳಬೇಕಾಗಿಲ್ಲ. ಹೊಂಡದ ಗೋಡೆಗೂ ತೆಳ್ಳಗೆ ಲೋಳೆ ಹತ್ತಿತ್ತು. ಒಳಗಿನ ಬಿಳಿ ಕಲ್ಲಿನ ಎರಡೂ ಮಗ್ಗುಲಿಗೆ ಸಾಲು ಸಾಲಾಗಿ ನೇರಳೆ ಬಣ್ಣದ ಮೊಟ್ಟೆಗಳು ಅಂಟಿಕೊಂಡಿದ್ದವು. ಪಟ್ಟೆಮೀನು ನೀರಿಳಿಯುವ ಮೊದಲೇ ಬಂಡೆಯ ಬುಡಕ್ಕೆ ಹೋಗಿ ಅಲ್ಲಿಂದಲೇ ಮೇಲೆ ನೋಡುತ್ತಿತ್ತು.

ಈಗ ಮಂಕಾಳಿ ಮಾಡಬೇಕಾದ್ದು ಒಂದೇ, ಏನೂ ಮಾಡದಿರುವುದು. ಅವಳ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಅವಳು ಮಾಡಿರಲಿಲ್ಲ. ಮೊದಲು ನಾರನ್ನು ಒಲೆಗೆ ಹಾಕಿದಳು. ಆಮೇಲೆ ಹೊಂಡದ ಪಕ್ಕದಲ್ಲಿ ಕೈಗಳನ್ನು ಕಂಕುಳಿನಲ್ಲಿ ಇಟ್ಟುಕೊಂಡು ಕೂತಳು.

ನೀರು ಮಬ್ಬಾಯಿತು. ಕೈ ತುರಿಸಿತು, ಅವಳು ಕೂತೇ ಇದ್ದಳು. ವಾಸನೆ ಬಂತು, ಕೂತೇ ಇದ್ದಳು. ಕಂದು ಬಣ್ಣ ಹತ್ತಿತು, ಕೂತೇ ಇದ್ದಳು. ಏಡಿ ಬಂದು ಏನೋ ಹೇಳಲು ಬಾಯಿ ತೆಗೆಯಿತು, ಅವಳ ಮುಖ ನೋಡಿ ಮುಂದಕ್ಕೆ ಹೋಯಿತು.

ಗಾಳಿ ಬಂದು ತಗ್ಗಿದ ದನಿಯಲ್ಲಿ ಕೇಳಿತು: "ಅಕ್ಕ, ಅವತ್ತು ಮೋಡ ತಂದದ್ದು ನಾನೇ. ಈಗ ಸ್ವಲ್ಪ ಊದಿ ಆ ಕೊಳೆಯನ್ನೆಲ್ಲ ಆಚೆ ಹಾರಿಸಲಾ?"

"ಬೇಡ ಮಾಣಿ," ಎಂದಳು ಮಂಕಾಳಿ. "ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಿಸಬಾರದು. ನಿನ್ನಿಂದ ಆಗುವುದಾದರೆ ಮೋಡಗಳನ್ನು ಈ ಕಡೆ ಬಿಡಬೇಡ, ಅಷ್ಟು ಸಾಕು."

ಗಾಳಿ ಬೆಟ್ಟದ ತುದಿಗೆ ಹೋಗಿ ಕಾವಲು ನಿಂತಿತು.

ಮೊಟ್ಟೆಗಳಲ್ಲಿ ಎರಡೆರಡು ಕಪ್ಪು ಚುಕ್ಕೆ ಮೂಡಿದವು. ಅವು ಕಣ್ಣುಗಳು. ನೀರಿನ ವಾಸನೆ ಇನ್ನೂ ಹೋಗಿರಲಿಲ್ಲ. ಮಂಕಾಳಿಗೆ ಊಟ ಸೇರಲಿಲ್ಲ. ಇಷ್ಟು ಬೇಗ ಕಣ್ಣು ಬಿಡಬೇಡಿ, ಇನ್ನೊಂದು ಸ್ವಲ್ಪ ಮಲಗಿರಿ ಎಂದು ಮೊಟ್ಟೆಗಳನ್ನು ಬೇಡಿಕೊಂಡಳು.

ಒಂದು ಬೆಳಿಗ್ಗೆ ಎಲ್ಲಿಂದಲೋ ಒಂದು ಬಸವನಹುಳು ಬಂಡೆ ಹತ್ತಿ ಬಂತು. ಹೊಂಡದ ಅಂಚಿನಲ್ಲಿ ನಿಂತು ಕೊಂಬು ಚಾಚಿ ನೋಡಿತು. ಮಂಕಾಳಿ ಉಸಿರು ಬಿಗಿಹಿಡಿದಳು. ಹುಳು ಅವಸರವಿಲ್ಲದೆ ಒಳಗಿಳಿದು ಗೋಡೆಯ ಹಸಿರನ್ನು ಮೇಯತೊಡಗಿತು. ಸಂಜೆಯಾದರೂ ಅದು ಎದ್ದು ಹೋಗಲಿಲ್ಲ. ಮಂಕಾಳಿ ಬಗ್ಗಿ ನೀರನ್ನು ಮೂಸಿದಳು. ಕೊಳೆತ ವಾಸನೆ ಇರಲಿಲ್ಲ, ಕಡಲಿನದೇ ವಾಸನೆ ಇತ್ತು. ನೀರಿಗೆ ಹೆಪ್ಪು ಹಿಡಿದಿತ್ತು.

ಅಮಾವಾಸ್ಯೆಯ ಉಬ್ಬರಕ್ಕೆ ಸ್ವಲ್ಪ ಮೊದಲು ಮೊಟ್ಟೆಗಳು ಒಡೆದವು. ಕಲ್ಲಿನ ಒಂದು ಮಗ್ಗುಲಿನವು ಮಾತ್ರ. ಇನ್ನೊಂದು ಮಗ್ಗುಲು ಗೋಡೆಯ ಇಕ್ಕಟ್ಟು ಸಂದಿಗೆ ತಿರುಗಿದ್ದರಿಂದ ಅಲ್ಲಿಗೆ ಕಡಲಮ್ಮನ ಕೈ ತಲುಪಿರಲಿಲ್ಲ. ಮಂಕಾಳಿ ಬೂದಿ ಹಾಕಿ ತಿಕ್ಕಿದ್ದ ಹಾಗೆಯೇ ಅದು ಬೆಳ್ಳಗೆ ಉಳಿದಿತ್ತು, ತೂತುಗಳಲ್ಲಿ ಉಳಿದಿದ್ದ ಬೂದಿ ತಾಗಿ ಅಲ್ಲಿನ ಮೊಟ್ಟೆಗಳೂ ಬಿಳಿಚಿಹೋಗಿದ್ದವು. ಅದನ್ನು ನೋಡಿ ಮಂಕಾಳಿ ಅತ್ತಳು.

ಉಬ್ಬರದ ಜೊತೆ ಪಟ್ಟೆಮೀನು ಬಂತು. ರೆಪ್ಪೆಗೂದಲಿಗಿಂತ ಸಣ್ಣ ಮರಿಗಳು ಅದರ ಸುತ್ತ ಪಿತಪಿತ ಎಂದವು. ಬಿಳಿಚಿದ ಸಾಲುಗಳ ಮುಂದೆ ಅದು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತಿರುಗಿ, "ಇಷ್ಟು ಮುಖ ಕಂಡೆನಲ್ಲ, ಅಕ್ಕ," ಎಂದು ಮರಿಗಳನ್ನು ಕರೆದುಕೊಂಡು ಹೋಯಿತು.

ಕಡಲಮ್ಮ ಕೇಳಿದಳು: "ಇನ್ನು ನಿನ್ನ ಕಲ್ಲುಗಳನ್ನು ತೊಳೆದು ಮೊದಲಿನ ಹಾಗೆ ಮಾಡಿಕೊಡಲಾ? ನಿನಗೆ ಈ ಲೋಳೆ ಹಿಡಿಸುವುದಿಲ್ಲ, ನನಗೆ ಗೊತ್ತು."

ಮಂಕಾಳಿ ದಂಡೆಯುದ್ದಕ್ಕೂ ನೋಡಿದಳು. ಕಲ್ಲುಗಳೆಲ್ಲ ಕಂದು, ಹಸಿರು, ಲೊಳಲೊಳ. ನಿಜವಾಗಿಯೂ ಅವಳಿಗೆ ಹಿಡಿಸಲಿಲ್ಲ. ಆದರೆ ಮಾತಾಡುವ ಮೊದಲು ಅವಳು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

"ಬೇಡ, ಕಡಲಮ್ಮ, ಹಾಗೇ ಇರಲಿ," ಎಂದಳು. "ನನ್ನಂಥವರು ಇನ್ನೂ ಹುಟ್ಟುತ್ತಾರೆ. ನಾರು ಹಿಡಿದುಕೊಂಡು ಓಡಿ ಬರುತ್ತಾರೆ. ಓಡಿ ಬಂದವರು ಜಾರಿ ಬೀಳುವ ಹಾಗೆ ಇರಲಿ."

ಅದಕ್ಕೇ ಮಗು, ಇವತ್ತಿಗೂ ಕಡಲ ದಂಡೆಯ ಕಲ್ಲಿನ ಮೇಲೆ ಓಡಿದರೆ ನಿನ್ನ ಕಾಲು ಜಾರುತ್ತದೆ, ಮೆಲ್ಲಗೆ ಹೋಗಿ ಹೊಂಡದ ಪಕ್ಕ ಕೈ ಕಟ್ಟಿಕೊಂಡು ಕೂತರೆ ಮಾತ್ರ ಪಟ್ಟೆಮೀನಿನ ಮರಿಗಳು ಕಾಣುತ್ತವೆ.